ಡಿಸೆಂಬರ್ 18ಕ್ಕೆ ಮಡಿಕೇರಿಲಿ ದೀಪ ಹಿಡ್ಕೊಂಡು ನಿಲ್ಲೋಣ ಅಂತ ಇದೀವಿ, ಸೈನಿಕರ ಹೆಸರು ಓದೋಣ, ಯುದ್ಧ ಬೇಡ ಅಂತಾನೂ ಹೇಳೋಣ. ನಿಮ್ಮ ಅಭಿಪ್ರಾಯ ಬೇಕು

ತಡಿಯಂಡಮೋಳ್

ಎಲ್ರಿಗೂ ನಮಸ್ಕಾರ. ನಾವು ಒಂದಷ್ಟು ಜನ ಸೇರಿ ಮಾತಾಡ್ಕೊಂಡಿದೀವಿ, ಡಿಸೆಂಬರ್ 18ರ ಸಂಜೆ ಮಡಿಕೇರಿ ತಿಮ್ಮಯ್ಯ ಸರ್ಕಲ್ ಹತ್ರ ದೀಪ ಹಿಡ್ಕೊಂಡು ಒಂದು ಗಂಟೆ ಮೌನವಾಗಿ ನಿಲ್ಲೋದು ಅಂತ. ಕೊಡಗಿನಿಂದ ಹೋಗಿ ವಾಪಸ್ ಬರದೇ ಇರೋ ಸೈನಿಕರ ಹೆಸರು ಓದೋದು, ಯುದ್ಧ ಬೇಡ ಅಂತ ಒಂದು ಬ್ಯಾನರ್, ಅಷ್ಟೇ. ಪಕ್ಷ ಇಲ್ಲ, ಭಾಷಣ ಇಲ್ಲ, ಸನ್ಮಾನ ಇಲ್ಲ, ಶಾಲು ಇಲ್ಲ.

18ನೇ ತಾರೀಕೇ ಯಾಕೆ ಅಂದ್ರೆ ಅವತ್ತು ಜನರಲ್ ತಿಮ್ಮಯ್ಯ ತೀರ್ಕೊಂಡ ದಿನ, 1965ರಲ್ಲಿ. ನಮ್ಮಲ್ಲಿ ಅವರ ಹೆಸರು ಬಂದ್ರೆ ಎಲ್ರೂ ಕಾಶ್ಮೀರದ ಜೋಜಿಲಾ ಕಣಿವೆ ಕಥೆ ಹೇಳ್ತಾರೆ, 1948ರ ನವೆಂಬರಲ್ಲಿ ಆ ಎತ್ತರಕ್ಕೆ ಟ್ಯಾಂಕ್ ಹತ್ತಿಸಿದ್ದು, ಹೇಳ್ಲೇಬೇಕಾದ ಕಥೆನೇ ಅದು. ಆದ್ರೆ ಆ ಮನುಷ್ಯ ಸತ್ತಿದ್ದು ಯುದ್ಧದಲ್ಲಲ್ಲ, ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆ ಶಾಂತಿಪಾಲನಾ ಪಡೆಯ ಕಮಾಂಡರ್ ಆಗಿ, ಗ್ರೀಕರು ಟರ್ಕರು ಹೊಡೆದಾಡ್ದೇ ಇರೋ ಹಾಗೆ ಮಧ್ಯ ನಿಂತಿದ್ದಾಗ ಹೃದಯಾಘಾತ ಆಗಿ. ಸೈಪ್ರಸ್‌ನವರು ಮರುವರ್ಷ ಅವರ ನೆನಪಿಗೆ ಅಂಚೆಚೀಟಿ ತಂದ್ರು. ಅದಕ್ಕೂ ಮುಂಚೆ 1953-54ರಲ್ಲಿ ಕೊರಿಯಾದಲ್ಲಿ, ನಾವು ನಮ್ಮ ದೇಶಕ್ಕೆ ವಾಪಸ್ ಹೋಗಲ್ಲ ಅಂತ ಕೂತಿದ್ದ 22 ಸಾವಿರಕ್ಕೂ ಮೇಲೆ ಯುದ್ಧ ಕೈದಿಗಳ ವಿಷ್ಯ ಬಗೆಹರಿಸೋ ಆಯೋಗಕ್ಕೆ ಅವರೇ ಅಧ್ಯಕ್ಷರು, ಎರಡೂ ಕಡೆಯಿಂದ ಬೈಸ್ಕೊಂಡು ಕೆಲಸ ಮಾಡಿದ್ರು. ನಮ್ಮೂರಿನ ಒಬ್ಬ ಜನರಲ್ ಜೀವನದ ಕೊನೇ ಕೆಲಸ ಶಾಂತಿ ಕಾಯೋದಾಗಿತ್ತು ಅನ್ನೋದನ್ನ ನಾವೇ ಮರೆತ್ರೆ ಹೇಗೆ?

ನಂಗೆ ಅನ್ನಿಸೋದು ಇಷ್ಟು. ಯುದ್ಧ ಬೇಡ ಅಂತ ಹೇಳೋ ಹಕ್ಕು ಎಲ್ಲರಿಗಿಂತ ಮೊದಲು ಇರೋದು ಮಕ್ಕಳನ್ನ ಸೈನ್ಯಕ್ಕೆ ಕಳಿಸೋ ಊರಿಗೆ. ಟಿವಿ ಸ್ಟುಡಿಯೋದಲ್ಲಿ ಕೂತು ನಾಳೆ ಬೆಳಗ್ಗೆನೇ ನುಗ್ಗಿ ಅನ್ನೋರ ಮನೆ ಬಾಗಿಲಿಗೆ ಪೆಟ್ಟಿಗೆ ಬರಲ್ಲ, ನಮ್ಮ ಮನೆ ಬಾಗಿಲಿಗೆ ಬರುತ್ತೆ.

ಬೈಯೋದಿದ್ರೂ ಬೈರಿ, ಆದ್ರೆ ಓದಿ ಬೈರಿ.

ಗಾಳಿಬೀಡು ಗಾಳಿ

ಓದಿನೇ ಬರೀತಿದೀನಿ. ಸೈನಿಕರಿಗೆ ಗೌರವ ಅಂದ್ರೆ ನಾನೇ ಮೊದಲು ಬರ್ತೀನಿ, ನಮ್ಮ ಕುಟುಂಬದಲ್ಲೇ ಮೂರು ತಲೆಮಾರು ಯೂನಿಫಾರ್ಮ್ ಹಾಕಿದವರು ಇದಾರೆ. ಆದ್ರೆ ಅದೇ ಜಾಗದಲ್ಲಿ ಯುದ್ಧ ಬೇಡ ಅನ್ನೋ ಬ್ಯಾನರ್ ಯಾಕೆ? ಹೋದ ಹುಡುಗ ದೇಶಕ್ಕೋಸ್ಕರ ಹೋದ. ನೀವು ಅವನ ಫೋಟೋ ಪಕ್ಕ ಆ ಬ್ಯಾನರ್ ಹಿಡಿದ್ರೆ ಅವನು ಮಾಡಿದ್ದು ದಂಡ ಅಂತ ಹೇಳಿದ ಹಾಗೆ ಆಗುತ್ತೆ. ಈಗ ಬಾರ್ಡರಲ್ಲಿ ನಿಂತಿರೋ ನಮ್ಮ ಹುಡುಗ್ರು ವಾಟ್ಸಾಪಲ್ಲಿ ಈ ಫೋಟೋ ನೋಡಿ ಏನಂದ್ಕೋತಾರೆ? ಊರಲ್ಲಿ ಎಲ್ರೂ ಹೀಗೆ ಆಗೋದ್ರಾ ಅಂತ ಅಂದ್ಕೊಳಲ್ವಾ?

ಪಹಲ್ಗಾಮಲ್ಲಿ 2025ರ ಏಪ್ರಿಲ್ 22ಕ್ಕೆ 26 ಜನರನ್ನ ಕೊಂದ್ರು, ನಮ್ಮ ಶಿವಮೊಗ್ಗದವರೂ ಇದ್ರು ಅದರಲ್ಲಿ, ಹೆಂಡತಿ ಮಕ್ಕಳ ಕಣ್ಣೆದುರೇ. ಆಗ ದೀಪ ಹಿಡ್ಕೊಂಡು ನಿಲ್ಬೇಕಿತ್ತಾ ಸೈನ್ಯ?

ಕುಶಾಲನಗರ ಸ್ಟೂಡೆಂಟ್

ಸೈನ್ಯ ನಿಲ್ಲೋದು ಬೇಡ, ನಾವು ನಿಲ್ಲೋಣ ಅಂತ ತಾನೇ ಅವರು ಹೇಳ್ತಿರೋದು? ಸೈನ್ಯಕ್ಕೆ ಏನು ಮಾಡ್ಬೇಕು ಅಂತ ನಾವ್ಯಾರೂ ಹೇಳ್ತಾ ಇಲ್ಲ. ನಂಗೂ ಬರೋಕೆ ಇಷ್ಟ, ನಮ್ಮ ಕ್ಲಾಸಿನ ಸುಮಾರು ಜನ ಅಗ್ನಿವೀರ್‌ಗೆ ರನ್ನಿಂಗ್ ಪ್ರಾಕ್ಟೀಸ್ ಮಾಡ್ತಾ ಇದಾರೆ, ಬೆಳಿಗ್ಗೆ ಐದಕ್ಕೆ ಎದ್ದು ಓಡ್ತಾರೆ, ಅವರ ಅಮ್ಮಂದಿರು ಮಾತ್ರ ಏನೂ ಮಾತಾಡಲ್ಲ.

ಹಳೇ ಸುಬೇದಾರ್

ನಾನು ಸರ್ವಿಸಿಂದ ಬಂದು ವರ್ಷಗಳಾಯ್ತು. ಗಾಳಿಬೀಡಿನವರ ಮಾತಿಗೆ ಉತ್ತರ ಕೊಡ್ಬೇಕು ಅನ್ನಿಸ್ತು, ಯಾಕಂದ್ರೆ ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ.

ಸೈನಿಕನಿಗೆ ಯುದ್ಧದ ಮೇಲೆ ಆಸೆ ಇರುತ್ತೆ ಅಂತ ಯಾರೋ ತಿಳ್ಕೊಂಡಿದ್ರೆ ಅವರು ಪೋಸ್ಟಲ್ಲಿ ಒಂದು ರಾತ್ರಿನೂ ಕಳೆದಿಲ್ಲ ಅಂತ ಅರ್ಥ. ಆರ್ಡರ್ ಬಂದ್ರೆ ಹೋಗ್ತೀವಿ, ಹೋಗಿದೀವಿ, ಆ ಬಗ್ಗೆ ಮಾತೇ ಇಲ್ಲ. ಕಾರ್ಗಿಲ್‌ನಲ್ಲಿ 527 ಜನ ಹೋದ್ರು, ಅದು ನಮ್ಮ ಮೇಲೆ ಬಂದಿದ್ದು, ಬೆಟ್ಟದ ಮೇಲೆ ಕೂತವನನ್ನ ಇಳಿಸ್ಲೇಬೇಕಿತ್ತು, ಅದಕ್ಕೆ ಯಾರೂ ಬೇಡ ಅನ್ನಲ್ಲ. ಆದ್ರೆ ಎಲ್ಲಾ ಯುದ್ಧನೂ ಕಾರ್ಗಿಲ್ ಅಲ್ಲ. ಶ್ರೀಲಂಕಾಕ್ಕೆ 1987ರಲ್ಲಿ ನಮ್ಮನ್ನ ಕಳಿಸಿದ್ರು, ಶಾಂತಿ ಕಾಪಾಡೋಕೆ ಅಂತ ಹೆಸರು, ಹೋಗಿ ಕೆಲವೇ ತಿಂಗಳಿಗೆ ಅಲ್ಲಿನ ತಮಿಳು ಬಂಡುಕೋರರಾದ ಎಲ್‌ಟಿಟಿಇ ಜೊತೆ ನಾವೇ ಹೊಡೆದಾಡ್ತಾ ಇದ್ವಿ. 1990ರ ಮಾರ್ಚಲ್ಲಿ ವಾಪಸ್ ಬರೋ ಹೊತ್ತಿಗೆ ಸುಮಾರು 1,200 ಜನ ಸತ್ತಿದ್ರು. ವಾಪಸ್ ಬಂದಾಗ ಮದ್ರಾಸಲ್ಲಿ ನಮ್ಮನ್ನ ಸ್ವಾಗತ ಮಾಡೋಕೆ ಅಲ್ಲಿನ ಮುಖ್ಯಮಂತ್ರಿ ಬರಲಿಲ್ಲ. ಕೊಲಂಬೋ ಪಕ್ಕದಲ್ಲಿ ನಮ್ಮವರ ಹೆಸರು ಕೆತ್ತಿದ ಸ್ಮಾರಕ 2008ರಲ್ಲಿ ಎದ್ದು ನಿಂತಿತು, ಅದೂ ಆ ದೇಶದವರು ಕಟ್ಟಿಸಿದ್ದು. ಇಲ್ಲಿ ಊರಲ್ಲಿ ಯಾರಾದ್ರೂ ಜಾಫ್ನಾದಲ್ಲಿ ಸತ್ತವನ ಹೆಸರು ಹೇಳ್ತಾರಾ? ಗೆದ್ದ ಯುದ್ಧದ ಹುತಾತ್ಮನಿಗೆ ಬೋರ್ಡು, ಸರ್ಕಲ್ಲು, ಗೆಲ್ಲದೇ ಇದ್ದ ಯುದ್ಧದವನಿಗೆ ಏನೂ ಇಲ್ಲ. ಅವನ ಗುಂಡಿಗೆ ಬೇರೇನಾ?

ಹಾಗಾಗಿ ನಾನು ಬರ್ತೀನಿ. ಆದ್ರೆ ಕಂಡೀಷನ್ ಇದೆ. ಘೋಷಣೆ ಕೂಗೋ ಹಾಗಿಲ್ಲ, ಜೈಕಾರನೂ ಬೇಡ, ಧಿಕ್ಕಾರನೂ ಬೇಡ. ಹೆಸರು ಓದುವಾಗ ರ‍್ಯಾಂಕು, ಹೆಸರು, ಯೂನಿಟ್ಟು, ಊರು, ಯಾವ ವರ್ಷ, ಈ ಕ್ರಮದಲ್ಲಿ ಓದ್ಬೇಕು, ತಪ್ಪಿಲ್ಲದೆ ಓದ್ಬೇಕು. ಸರ್ವಿಸಲ್ಲಿ ಇದ್ದು ರಜೆಗೆ ಬಂದಿರೋ ಹುಡುಗ್ರನ್ನ ದಯವಿಟ್ಟು ಕರೀಬೇಡಿ, ಅವರು ಇಂಥದಕ್ಕೆ ಸೇರಿದ್ರೆ ಅವರಿಗೆ ತೊಂದ್ರೆ, ರೂಲ್ಸ್ ಇದೆ.

ಹುದಿಕೇರಿ

ಸುಬೇದಾರ್ ಸಾಹೇಬ್ರೆ ನೂರಕ್ಕೆ ನೂರು. ಸಿಯಾಚಿನ್ ಕೂಡ ಸೇರ್ಸಿ. ಅಲ್ಲಿ ಗುಂಡಿಗಿಂತ ಚಳಿಗೆ, ಹಿಮಕುಸಿತಕ್ಕೆ ಸತ್ತವರೇ ಜಾಸ್ತಿ. 2016ರ ಫೆಬ್ರವರಿಯಲ್ಲಿ ಹತ್ತು ಜನ ಹೂತುಹೋದ್ರಲ್ಲ, ಧಾರವಾಡ ಕಡೆಯ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಬದುಕಿದ್ದು, ಇಡೀ ಕರ್ನಾಟಕ ಪೂಜೆ ಮಾಡಿಸ್ತು, ಫೆಬ್ರವರಿ 11ಕ್ಕೆ ಹೋಗ್ಬಿಟ್ರು. ಶತ್ರು ಒಂದು ಗುಂಡು ಹಾರಿಸದೆನೇ ಹತ್ತು ಜನ.

ಗಾಳಿಬೀಡು ಗಾಳಿ

ಸಿಯಾಚಿನ್ ಬಿಟ್ಟು ಬಂದ್ರೆ ಅವತ್ತೇ ರಾತ್ರಿ ಅವರು ಹತ್ತಿ ಕೂರ್ತಾರೆ, ಅದು ಸುಬೇದಾರರಿಗೂ ಗೊತ್ತು.

ಹಳೇ ಸುಬೇದಾರ್

ಗೊತ್ತು. ಅದಕ್ಕೇ ಬಿಟ್ಟು ಬನ್ನಿ ಅಂತ ನಾನು ಹೇಳ್ತಿಲ್ಲ. ಎರಡೂ ಕಡೆಯವರು ಕೂತು ಮಾತಾಡಿ ಇಳೀಬೇಕು ಅಂತ ಊರಿನ ಜನ ಕೇಳಿದ್ರೆ ತಪ್ಪೇನು ಅಂತ. ಆ ಮಾತು ಕೇಳೋಕೆ ನಾಗರಿಕರೇ ಬೇಕು, ಸೈನಿಕ ಕೇಳೋ ಹಾಗಿಲ್ಲ.

ಕಕ್ಕಬ್ಬೆ ಜೇನು

ನಾನು ಇಂಥ ಕಡೆ ಬರೆಯೋಳಲ್ಲ, ಓದಿ ಸುಮ್ನಾಗ್ತೀನಿ. ಇವತ್ತು ಬರೀಲೇಬೇಕು ಅನ್ನಿಸ್ತು.

ನಮ್ಮ ಅಣ್ಣ ಕಾಶ್ಮೀರದಲ್ಲಿ ಹೋದ. ಯಾವ ವರ್ಷ, ಯಾವ ಯೂನಿಟ್ಟು ಇಲ್ಲಿ ಹೇಳಲ್ಲ. ಪೆಟ್ಟಿಗೆ ಬಂದಾಗ ಊರಿಡೀ ಇತ್ತು, ಜೀಪಿನ ಸಾಲು ನಾಪೋಕ್ಲುವರೆಗೂ ಇತ್ತು ಅಂತಾರೆ, ನಂಗೆ ಅದ್ಯಾವುದೂ ಸರಿಯಾಗಿ ನೆನಪಿಲ್ಲ. ಗುಂಡು ಹಾರಿಸಿದ್ದು ನೆನಪಿದೆ, ಮೊದಲು ನಮ್ಮವರು ಸಾವಿನ ಜೋಡಿ ಗುಂಡು ಹೊಡೆದಿದ್ದು, ಆಮೇಲೆ ಸೈನ್ಯದವರದ್ದು. ಅಮ್ಮ ಪ್ರತಿ ಗುಂಡಿಗೂ ಬೆಚ್ಚಿಬಿದ್ರು, ಕೋವಿ ಶಬ್ದ ಕೇಳ್ಕೊಂಡೇ ಹುಟ್ಟಿ ಬೆಳೆದ ಹೆಂಗಸು ಅವರು.

ಆದ್ರೆ ನಾನು ಹೇಳ್ಬೇಕು ಅಂತಿರೋದು ಅದಲ್ಲ, ಟ್ರಂಕಿನ ವಿಷ್ಯ. ಪೆಟ್ಟಿಗೆ ಬಂದು ಎಷ್ಟೋ ದಿನ ಆದ್ಮೇಲೆ ಅವನ ಟ್ರಂಕ್ ಬಂತು. ಕರೀ ಬಣ್ಣದ ತಗಡಿನ ಟ್ರಂಕು, ಮೇಲೆ ಬಿಳೀ ಪೇಂಟಲ್ಲಿ ನಂಬರು, ಹೆಸರು. ಹೆಸರಿನ ಕೊನೇ ಅಕ್ಷರ ಜಾಗ ಸಾಲದೆ ಚಿಕ್ಕದಾಗಿ ಬರೆದಿದ್ದ, ಅವನ ಕೈಬರಹನೇ. ಜೊತೆಗೆ ಒಂದು ಲಿಸ್ಟ್, ಟೈಪ್ ಮಾಡಿದ್ದು. ಸ್ವೆಟರ್ ಒಂದು, ಶೇವಿಂಗ್ ಸೆಟ್ ಒಂದು, ಟಾರ್ಚ್ ಒಂದು, ಹೀಗೆ. ಅಪ್ಪ ಲಿಸ್ಟ್ ನೋಡಿ ಒಂದೊಂದೇ ತೆಗೆದು ಒಳಗಿನ ಕೋಣೆ ಮಂಚದ ಮೇಲೆ ಇಟ್ರು, ಎಲ್ಲಾ ಸರಿ ಇದೆ ಅಂತ ಸೈನ್ ಹಾಕಿದ್ರು. ಲಿಸ್ಟಲ್ಲಿ ಇಲ್ಲದ ಒಂದು ವಸ್ತು ತಳದಲ್ಲಿತ್ತು, ಪೇಪರಲ್ಲಿ ಸುತ್ತಿದ ಕಾಳುಮೆಣಸು, ನಮ್ಮ ತೋಟದ್ದೇ, ಚಳಿಗೆ ಚಹಾಕ್ಕೆ ಹಾಕ್ಕೋ ಅಂತ ಅಮ್ಮ ರಜೆ ಮುಗಿಸಿ ಹೋಗುವಾಗ ಕೊಟ್ಟಿದ್ದು. ಅರ್ಧ ಖರ್ಚಾಗಿತ್ತು. ಆ ಟ್ರಂಕ್ ಈಗ್ಲೂ ಅಟ್ಟದಲ್ಲಿದೆ.

ಪ್ರತಿ ವರ್ಷ ಯಾರೋ ಕರೀತಾರೆ, ಅಮ್ಮನಿಗೆ ಶಾಲು ಹೊದಿಸ್ತಾರೆ, ವೀರಮಾತೆ ಅಂತಾರೆ, ಫೋಟೋ ತೆಗೀತಾರೆ. ಅಮ್ಮ ಹೋಗ್ತಾರೆ, ಯಾಕಂದ್ರೆ ಅಲ್ಲಿ ಅವನ ಹೆಸರು ಹೇಳ್ತಾರಲ್ಲ ಅಂತ. ಹೋಗಿ ಬಂದು ರಾತ್ರಿ ಊಟ ಮಾಡಲ್ಲ. ಒಂದು ಸಲ ನಂಗೆ ಹೇಳಿದ್ರು, ಇನ್ನೊಬ್ಬಳಿಗೆ ಹೀಗೆ ಶಾಲು ಹೊದಿಸೋದು ನಾನು ನೋಡ್ಬಾರ್ದು ಅಂತ. ವೇದಿಕೆ ಮೇಲೆ ಮೈಕ್ ಕೊಟ್ಟು ಈ ಮಾತು ಹೇಳಿ ಅಂದ್ರೆ ಅವರು ಹೇಳಲ್ಲ, ಹೇಳೋಕೆ ಬಿಡೋದೂ ಇಲ್ಲ ಯಾರೂ. ನೀವು ನಿಲ್ಲಿ, ನಾನು ಅಮ್ಮನ್ನ ಕರ್ಕೊಂಡು ಬರ್ತೀನಿ. ಹೆಸರು ಓದಿ. ಅಣ್ಣ ಮಾಡಿದ್ದು ದಂಡ ಅಂತ ನಮಗೆ ಯಾವತ್ತೂ ಅನ್ನಿಸಿಲ್ಲ, ಅನ್ನಿಸೋದೂ ಇಲ್ಲ, ಆದ್ರೆ ಇನ್ನೊಂದು ಟ್ರಂಕ್ ಇನ್ನೊಂದು ಮನೆಗೆ ಬರಬಾರದು ಅನ್ನೋದು ಅವನಿಗೆ ಮಾಡೋ ಅವಮಾನ ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ.

ತಡಿಯಂಡಮೋಳ್

ಅಕ್ಕ, ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಕೂರೋಕೆ ವ್ಯವಸ್ಥೆ ಮಾಡ್ತೀವಿ, ಫೋಟೋ ತೆಗೆಯೋಕೆ ಯಾರಿಗೂ ಬಿಡಲ್ಲ.

ದೂರದ ಕೊಡಗು

ನಾನು ವಿರಾಜಪೇಟೆ ಕಡೆಯವನು, ಅಮೆರಿಕದಲ್ಲಿ ಇರೋದು ಸುಮಾರು ವರ್ಷದಿಂದ. ಇಲ್ಲಿ ಇರಾಕ್ ಯುದ್ಧದ ಕಾಲದಲ್ಲಿ ಇದೇ ಚರ್ಚೆ ಇಂಚಿಂಚೂ ನಡೆದಿತ್ತು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಸಿಂಡಿ ಶೀಹನ್ ಅಂತ ಒಬ್ಬ ತಾಯಿ. ಮಗ ಕೇಸಿ ಸೈನ್ಯದಲ್ಲಿದ್ದ, 2004ರ ಏಪ್ರಿಲ್ 4ಕ್ಕೆ ಬಾಗ್ದಾದಿನ ಸದ್ರ್ ಸಿಟಿಯಲ್ಲಿ ಸತ್ತ. ಆ ಹೆಂಗಸು 2005ರ ಆಗಸ್ಟಲ್ಲಿ ಟೆಕ್ಸಾಸಿನ ಕ್ರಾಫರ್ಡ್‌ನಲ್ಲಿ, ಅಧ್ಯಕ್ಷ ಬುಷ್ ರಜೆಗೆ ಬಂದಿದ್ದ ಫಾರ್ಮಿನ ಹೊರಗಿನ ರಸ್ತೆ ಪಕ್ಕ ಹೋಗಿ ಕೂತ್ಕೊಂಡ್ರು, ನನ್ನ ಮಗ ಯಾವ ಕಾರಣಕ್ಕೆ ಸತ್ತ ಅಂತ ಹೇಳಿ ಅಂತ. ಅದೇ ತಿಂಗಳು 17ನೇ ತಾರೀಕು ದೇಶದಲ್ಲಿ ಸಾವಿರಕ್ಕೂ ಹೆಚ್ಚು ಕಡೆ ಜನ ಮೊಂಬತ್ತಿ ಹಿಡ್ಕೊಂಡು ನಿಂತ್ರು. ದೊಡ್ಡ ಸಿಟಿ ಮಾತ್ರ ಅಲ್ಲ, ನಮ್ಮ ಸೋಮವಾರಪೇಟೆಯಷ್ಟು ಇರೋ ಊರುಗಳಲ್ಲೂ, ಚರ್ಚಿನ ಮುಂದೆ, ಪೋಸ್ಟಾಫೀಸಿನ ಮುಂದೆ, ಕೆಲವು ಕಡೆ ಹತ್ತೇ ಜನ. ಅದೇ ಅಕ್ಟೋಬರಲ್ಲಿ ಸತ್ತ ಅಮೆರಿಕನ್ ಸೈನಿಕರ ಸಂಖ್ಯೆ 2,000 ಆದಾಗ ಮತ್ತೆ ನಿಂತ್ರು. ಇನ್ನೊಂದು ನಡೆದಿತ್ತು, ಯುದ್ಧ ಬೇಡ ಅನ್ನೋ ಕ್ವೇಕರ್ ಅನ್ನೋ ಕ್ರೈಸ್ತ ಪಂಥದವರ ಸಂಸ್ಥೆ ಮಾಡಿದ್ದು. ಸತ್ತ ಒಬ್ಬೊಬ್ಬ ಸೈನಿಕನಿಗೂ ಒಂದು ಜೊತೆ ಬೂಟು, ಸಾಲಾಗಿ ಇಡೋದು. 2004ರ ಜನವರಿಯಲ್ಲಿ ಚಿಕಾಗೋದಲ್ಲಿ ಶುರು ಮಾಡಿದಾಗ 504 ಜೊತೆ ಇತ್ತು, ಊರೂರಿಗೆ ಹೋಗ್ತಾ ಹೋಗ್ತಾ ಸಾವಿರಗಟ್ಟಲೆ ಆಯ್ತು. ಬೂಟುಗಳ ಪಕ್ಕದಲ್ಲಿ ಸತ್ತ ಇರಾಕಿ ನಾಗರಿಕರಿಗೆ ಅಂತ ಸಾದಾ ಚಪ್ಪಲಿ, ಮಕ್ಕಳ ಶೂ ಕೂಡ ಇಟ್ಟಿದ್ರು.

ಈಗ ಗಾಳಿಬೀಡಿನವರು ಕೇಳಿದ್ದಕ್ಕೆ ಬರ್ತೀನಿ. ಅಲ್ಲೂ ಎಲ್ಲಾ ಕುಟುಂಬ ಒಪ್ಪಲಿಲ್ಲ. ನಮ್ಮ ಮಗ ಆ ಯುದ್ಧವನ್ನ ನಂಬಿ ಹೋದವನು, ಅವನ ಹೆಸರನ್ನ ನಿಮ್ಮ ಪ್ರತಿಭಟನೆಗೆ ಬಳಸ್ಬೇಡಿ ಅಂತ ಹೇಳಿದ ಅಪ್ಪ ಅಮ್ಮಂದಿರು ಇದ್ರು, ಕ್ರಾಫರ್ಡಲ್ಲಿ ಪ್ರತಿಭಟನೆಯವರು ಸತ್ತ ಸೈನಿಕರ ಹೆಸರಲ್ಲಿ ಸಾಲಾಗಿ ಶಿಲುಬೆ ನೆಟ್ಟಿದ್ರು, ಅಲ್ಲಿಗೆ ಬಂದು ಮಗನ ಹೆಸರಿದ್ದ ಶಿಲುಬೆ ಕಿತ್ಕೊಂಡು ಹೋದವರೂ ಇದ್ರು. ಕೋಪ ಬಂದು ಒಬ್ಬ ಟ್ರಕ್ ಹತ್ತಿಸಿ ಶಿಲುಬೆಗಳ ಸಾಲನ್ನೇ ಉರುಳಿಸಿದ. ಬೂಟಿನ ಪ್ರದರ್ಶನದವರು ಮಾತ್ರ ಕುಟುಂಬ ಬೇಡ ಅಂದ್ರೆ ಹೆಸರು ತೆಗೀತಾ ಇದ್ರು, ವಾದ ಮಾಡ್ತಿರಲಿಲ್ಲ. ನೀವೂ ಹಾಗೇ ಮಾಡಿ. ಇಲ್ಲಿ ನಂಗೆ ಕಂಡಿದ್ದು, ಹೆಸರು ಓದಿ ಸುಮ್ನೆ ನಿಂತ ಕಡೆ ಯುದ್ಧ ಸರಿ ಅನ್ನೋ ಅಕ್ಕಪಕ್ಕದ ಮನೆಯವರೂ ಬಂದು ನಿಲ್ತಿದ್ರು, ಅಧ್ಯಕ್ಷರನ್ನ ಬೈಯೋ ಬೋರ್ಡ್ ಬಂದ ಕಡೆ ಎರಡು ಗುಂಪು ಆಗ್ತಿತ್ತು.

ಕೊಡ್ಲಿಪೇಟೆ ಮೇಷ್ಟ್ರು

ಅಷ್ಟು ದೂರ ಯಾಕೆ ಹೋಗ್ಬೇಕು, ನಮ್ಮಲ್ಲೇ ಇದೆಯಲ್ಲ. ವಾಘಾ ಗಡಿಯಲ್ಲಿ ಪತ್ರಕರ್ತ ಕುಲದೀಪ್ ನಯ್ಯರ್ ಅವರು ಆಗಸ್ಟ್ 14ರ ಮಧ್ಯರಾತ್ರಿ ಮೊಂಬತ್ತಿ ಹಚ್ಚೋಕೆ ಶುರು ಮಾಡಿ ವರ್ಷಾನುಗಟ್ಟಲೆ ನಡೆಸ್ಕೊಂಡು ಬಂದ್ರು, ಎಷ್ಟು ಬೈಸ್ಕೊಂಡ್ರೂ ಬಿಡಲಿಲ್ಲ. ಬೆಂಗಳೂರಲ್ಲಿ ವಿಮೋಚನಾ ಅನ್ನೋ ಮಹಿಳಾ ಸಂಘಟನೆಯ ಹೆಂಗಸರು ಕಪ್ಪು ಬಟ್ಟೆ ಹಾಕ್ಕೊಂಡು ರಸ್ತೆ ಬದಿ ಮೌನವಾಗಿ ನಿಲ್ತಾ ಇದ್ರು, ಜೆರುಸಲೇಮ್‌ನಲ್ಲಿ 1988ರಲ್ಲಿ ಶುರುವಾದ ಪದ್ಧತಿ ಅದು.

ಮಡಿಕೇರಿ ಬಗ್ಗೆ ಒಂದು ಮಾತು, ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ. ಗಾಂಧೀಜಿ 1934ರಲ್ಲಿ ಕೊಡಗಿಗೆ ಬಂದಿದ್ರು. ಅವರ ಚಿತಾಭಸ್ಮದ ಒಂದು ಭಾಗ ಇವತ್ತಿಗೂ ಮಡಿಕೇರಿ ಖಜಾನೆಯಲ್ಲಿದೆ, ಪ್ರತಿ ಜನವರಿ 30ಕ್ಕೆ ಪೊಲೀಸ್ ಗೌರವದ ಜೊತೆ ಹೊರಗೆ ತಂದು ಗಾಂಧಿ ಮಂಟಪದಲ್ಲಿ ಇಡ್ತಾರೆ. ಒಂದೇ ಊರಲ್ಲಿ ಗಾಂಧೀಜಿ ಭಸ್ಮನೂ ಇದೆ, ತಿಮ್ಮಯ್ಯನವರ ಸನ್ನಿಸೈಡ್ ಮನೆನೂ ಮ್ಯೂಸಿಯಂ ಆಗಿ ನಿಂತಿದೆ, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮನೆ ರೋಶನಾರಾನೂ ಇದೆ. ನಂಗೆ ಯಾವತ್ತೂ ಇದು ಒಂದಕ್ಕೊಂದು ಎದುರು ಅನ್ನಿಸಿಲ್ಲ. ಜನವರಿ 30ಕ್ಕೆ ಇಟ್ಕೊಂಡ್ರೆ ಇನ್ನೂ ಒಳ್ಳೇದಲ್ವಾ?

ತಡಿಯಂಡಮೋಳ್

ಸರ್ ಯೋಚನೆ ಮಾಡಿದ್ವಿ. 30ಕ್ಕೆ ಸರ್ಕಾರಿ ಕಾರ್ಯಕ್ರಮ ಇರುತ್ತೆ, ನಮ್ಮದು ಅದರೊಳಗೆ ಮುಳುಗಿ ಹೋಗುತ್ತೆ. ರೋಬಸ್ಟಾ ಕೊಯ್ಲು ಬೇರೆ ಆಗ ಜೋರು, ತೋಟದಿಂದ ಯಾರೂ ಹೊರಗೆ ಬರಲ್ಲ. ಡಿಸೆಂಬರ್ ಆದ್ರೆ ಪುತ್ತರಿ ಹಬ್ಬದ ಗಲಾಟೆ ಮುಗಿದಿರುತ್ತೆ, ಮಳೆ ಇರಲ್ಲ. ಕಾರ್ಗಿಲ್ ದಿನ ಜುಲೈ 26 ಅಂತಾನೂ ಒಬ್ರು ಹೇಳಿದ್ರು, ಆ ಮಳೆಗೆ ಮಡಿಕೇರಿಲಿ ದೀಪ ನಿಲ್ಲುತ್ತಾ?

ಸಿದ್ದಾಪುರ ಲೈನ್‌ಮನೆ

ಒಂದು ಮಾತು ಹೇಳ್ಬೋದಾ. ಕೊಡಗಿನ ಸೈನಿಕರು ಅಂದ ತಕ್ಷಣ ಕೆಲವೇ ಮನೆತನ, ಕೆಲವೇ ದೊಡ್ಡ ಹೆಸರು ಬರುತ್ತೆ. ಕೊಡವರ ಪಾಲು ದೊಡ್ಡದು, ಅದನ್ನ ಯಾರೂ ಇಲ್ಲ ಅನ್ನೋ ಹಾಗಿಲ್ಲ. ಆದ್ರೆ ಅರೆಭಾಷೆ ಗೌಡರ ಮನೆಯಿಂದ, ಮಾಪಿಳ್ಳೆ ಮನೆಯಿಂದ, ತೋಟದ ಕೆಲಸದವರ ಲೈನ್‌ಮನೆಯಿಂದ ಹೋದ ಹುಡುಗ್ರೂ ಇದಾರೆ. ಲಿಸ್ಟ್ ಮಾಡುವಾಗ ಗ್ರಾಮ ಪಂಚಾಯ್ತಿ ಪ್ರಕಾರ ಮಾಡಿ, ಮನೆತನದ ಪ್ರಕಾರ ಬೇಡ. ಕಾವೇರಿ ಆಚೆ ಬೈಲಕುಪ್ಪೆಯ ಟಿಬೆಟಿಯನ್ನರನ್ನೂ ಕೇಳಿ, ಅವರ ಜನ ನಮ್ಮ ವಿಶೇಷ ಗಡಿ ಪಡೆಯಲ್ಲಿ ಸೇರಿ 1971ರಲ್ಲಿ ಚಿತ್ತಗಾಂಗ್ ಬೆಟ್ಟಗಳಲ್ಲಿ ಹೋರಾಡಿದವರು, ಎಷ್ಟೋ ವರ್ಷ ಅವರ ಹೆಸರನ್ನ ಬಾಯಿಬಿಟ್ಟು ಹೇಳೋ ಹಾಗೇ ಇರಲಿಲ್ಲ.

ಇನ್ನೊಂದು, ಯುದ್ಧ ಅಂದ್ರೆ ಪಾಕಿಸ್ತಾನ ಚೀನಾ ಅಂತ ಮಾತ್ರ ಅಂದ್ಕೊಳ್ಬೇಡಿ. ಕೆಲಸ ಕೊಡಿಸ್ತೀವಿ ಅಂತ ಏಜೆಂಟ್ರು ರಷ್ಯಾಕ್ಕೆ ಕರ್ಕೊಂಡು ಹೋಗಿ ಉಕ್ರೇನ್ ಫ್ರಂಟಿಗೆ ತಳ್ಳಿದ್ರಲ್ಲ, ಕಲಬುರಗಿ ಕಡೆ ಹುಡುಗ್ರೂ ಸಿಕ್ಕಿಹಾಕ್ಕೊಂಡಿದ್ರು. 2025ರ ಜನವರಿ ಹೊತ್ತಿಗೆ 12 ಭಾರತೀಯರು ಸತ್ತಿದಾರೆ, 16 ಜನ ಕಾಣೆ ಅಂತ ನಮ್ಮ ವಿದೇಶಾಂಗ ಇಲಾಖೆನೇ ಹೇಳ್ತು. ಅದಕ್ಕೂ ಮುಂಚೆ 2022ರ ಮಾರ್ಚ್ 1ಕ್ಕೆ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ಮೆಡಿಕಲ್ ಸ್ಟೂಡೆಂಟ್ ಊಟದ ಸಾಮಾನು ತರೋಕೆ ಹೊರಗೆ ಬಂದು ಶೆಲ್ ದಾಳಿಗೆ ಸತ್ತ. ಇವರ್ಯಾರೂ ನಮ್ಮ ಸೈನಿಕರಲ್ಲ, ಇವರಿಗೆ ಬೋರ್ಡೂ ಇಲ್ಲ. ನಮ್ಮ ಲೈನಿನ ಹುಡುಗ್ರಿಗೂ ಇಂಥ ಏಜೆಂಟ್ರ ಫೋನ್ ಬರುತ್ತೆ, ತಿಂಗಳಿಗೆ ಲಕ್ಷ ಅಂತಾರೆ. ಬ್ಯಾನರಲ್ಲಿ ಇವರಿಗೂ ಒಂದು ಸಾಲು ಕೊಡಿ.

ಹುದಿಕೇರಿ

ಲೈನ್‌ಮನೆ ಅವರು ಹೇಳಿದ್ದು ಎರಡೂ ಆಗ್ಬೇಕು. ಪಂಚಾಯ್ತಿ ಪ್ರಕಾರ ಲಿಸ್ಟ್ ಅನ್ನೋದು ಬಹಳ ಒಳ್ಳೇದು. ಪೊನ್ನಂಪೇಟೆ ತಾಲ್ಲೂಕಿಂದು ನಾನು ಮಾಡ್ತೀನಿ.

ನಮ್ಮ ವಾಯುಪಡೆ ಪೈಲಟ್ ಅಜ್ಜಮಾಡ ದೇವಯ್ಯ ಅವರ ಬಗ್ಗೆ ಯಾರೂ ಹೇಳಲಿಲ್ಲ ನೋಡಿ. 1965ರ ಸೆಪ್ಟೆಂಬರ್ 7, ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲಿನ ದಾಳಿ. ಮಿಸ್ಟೇರ್ ವಿಮಾನ ಅವರದ್ದು, ಎದುರಿಗೆ ಅದಕ್ಕಿಂತ ಎಷ್ಟೋ ಫಾಸ್ಟ್ ಆದ ಸ್ಟಾರ್‌ಫೈಟರ್. ಏಟು ತಿಂದ ವಿಮಾನದಲ್ಲೇ ತಿರುಗಿ ಹೋರಾಡಿ ಅದನ್ನ ಉರುಳಿಸಿದ್ರು, ತಾವೂ ಉಳಿಯಲಿಲ್ಲ. ಇಲ್ಲಿ ಅವರನ್ನ ಕಾಣೆಯಾದವರ ಲಿಸ್ಟಲ್ಲಿ ಹಾಕಿದ್ರು. ಏನಾಯ್ತು ಅನ್ನೋದು ಎಷ್ಟೋ ವರ್ಷ ಆದ್ಮೇಲೆ ಆ ಕಡೆಯ ದಾಖಲೆ, ವಿದೇಶಿ ಲೇಖಕರೊಬ್ಬರ ಬರಹದಿಂದ ಗೊತ್ತಾಗಿ ಮಹಾವೀರ ಚಕ್ರ ಬಂದಿದ್ದು 1988ರಲ್ಲಿ, 23 ವರ್ಷ ಆದ್ಮೇಲೆ. ಅವರ ದೇಹ ಅಲ್ಲಿನ ಹಳ್ಳಿಯವರಿಗೆ ಸಿಕ್ಕಿತ್ತು, ಅವರೇ ಹೊಲದಲ್ಲಿ ಮಣ್ಣು ಮಾಡಿದ್ರು. ನಮ್ಮ ಹುಡುಗನ ಮೇಲೆ ಒಂದು ಹಿಡಿ ಮಣ್ಣು ಹಾಕಿದ್ದು ಶತ್ರು ದೇಶದ ರೈತರು. ಇದನ್ನ ನಾನು ನಮ್ಮ ಮಕ್ಕಳಿಗೆ ಯಾವಾಗ್ಲೂ ಹೇಳ್ತೀನಿ, ಶೌರ್ಯದ ಭಾಗ ಹೇಳಿದ ಮೇಲೆ ಇದನ್ನೂ ಹೇಳ್ತೀನಿ.

ಕೊಡ್ಲಿಪೇಟೆ ಮೇಷ್ಟ್ರು

ಅದೇ ಯುದ್ಧದಲ್ಲಿ ಕಾರ್ಯಪ್ಪನವರ ಮಗ ಪೈಲಟ್, ವಿಮಾನ ಬಿದ್ದು ಪಾಕಿಸ್ತಾನದಲ್ಲಿ ಸೆರೆ. ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಇದ್ದವರು, ಬಿಡಿಸೋಣ್ವಾ ಅಂತ ಕೇಳಿಸಿದ್ರೆ ಇವರು ಬೇಡ ಅಂದ್ರು, ಅಲ್ಲಿ ಸೆರೆ ಇರೋ ಎಲ್ರೂ ನನ್ನ ಮಕ್ಕಳೇ, ಎಲ್ರನ್ನೂ ಒಂದೇ ಥರ ನೋಡ್ಕೊಳ್ಳಿ ಅನ್ನೋ ಅರ್ಥದಲ್ಲಿ ಹೇಳಿದ್ರಂತೆ. ಶನಿವಾರಸಂತೆಲಿ ಹುಟ್ಟಿದ ಮನುಷ್ಯ, ನಮ್ಮ ಪಕ್ಕದೂರು. ಇದನ್ನ ತ್ಯಾಗ ಅಂತ ಮಾತ್ರ ಪಾಠ ಮಾಡ್ತೀವಿ ನಾವು. ಬೇರೆಯವರ ಮಗನೂ ಮಗನೇ ಅನ್ನೋದೂ ಇದೆ ಅದರಲ್ಲಿ.

ಗಾಳಿಬೀಡು ಗಾಳಿ

ಎಲ್ಲಾ ಓದಿದೆ. ಕಕ್ಕಬ್ಬೆ ಅಕ್ಕ ಬರೆದಿದ್ದು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ, ಅವರ ಮಾತಿಗೆ ನಾನು ಎದುರು ಮಾತಾಡಲ್ಲ.

ಆದ್ರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಯುದ್ಧ ಬೇಡ ಅನ್ನೋದು ಆ ಕಡೆಯವನಿಗೂ ಕೇಳಿಸ್ಬೇಕು, ಅವನಿಗೆ ಕೇಳಿಸ್ದೇ ನಾವು ಮಾತ್ರ ಹೇಳ್ತಾ ಕೂತ್ರೆ ಅದು ದುರ್ಬಲತೆ ಥರ ಕಾಣುತ್ತೆ. ಶಾಂತಿ ಉಳ್ಕೊಂಡಿರೋದೇ ಸೈನ್ಯ ಗಟ್ಟಿ ಇರೋದ್ರಿಂದ. ನಮ್ಮ ಮನೆಯಲ್ಲಿ ಹಿರಿಯರನ್ನ ಕೇಳಿದೆ, ನಮ್ಮ ಕುಟುಂಬದ ಹೆಸರು ಆ ಬ್ಯಾನರ್ ಕೆಳಗೆ ಓದೋದು ಬೇಡ ಅಂದ್ರು. ದಯವಿಟ್ಟು ಲಿಸ್ಟಿಂದ ಬಿಡಿ.

ತಡಿಯಂಡಮೋಳ್

ಖಂಡಿತ ಬಿಡ್ತೀವಿ. ಯಾಕೆ ಅಂತ ಯಾರೂ ಕೇಳಲ್ಲ. ಪ್ರತಿ ಮನೆಗೂ ಹೋಗಿ ಕೇಳಿ, ಹೂಂ ಅಂದವರ ಹೆಸರು ಮಾತ್ರ ಓದೋದು ಅಂತ ಇವತ್ತಿಂದ ರೂಲ್. ಫೋನಲ್ಲಿ ಕೇಳೋದೂ ಬೇಡ, ಮನೆಗೇ ಹೋಗೋಣ. ಮೊದಲ ಸಲ ಹೋಗಿದ್ದಾಗ್ಲೇ ಉತ್ತರ ಕೊಡಿ ಅಂತ ಒತ್ತಾಯ ಮಾಡೋದು ಬೇಡ, ಬಿಟ್ಟು ಬಂದು ಇನ್ನೊಂದು ಸಲ ಹೋಗೋಣ.

ನೀವು ದುರ್ಬಲತೆ ಅಂದ್ರಲ್ಲ, ಅದಕ್ಕೆ ಮಾತ್ರ ಉತ್ತರ ಹೇಳ್ತೀನಿ. ಸೈನ್ಯ ಗಟ್ಟಿ ಇರ್ಬೇಕು, ಒಪ್ತೀನಿ. ಆದ್ರೆ ಗಟ್ಟಿ ಇದೆ ಅಂತ ಅದನ್ನ ಯಾವಾಗ ಬೇಕಾದ್ರೂ ಖರ್ಚು ಮಾಡ್ಬೋದು ಅಂತ ಮಾತಾಡೋರು ಜಾಸ್ತಿ ಆಗಿದಾರೆ. 2025ರ ಮೇ 7ರಿಂದ 10ರವರೆಗೆ ಪಾಕಿಸ್ತಾನದ ಜೊತೆ ನಡೆದ ಹೊಡೆದಾಟ ನೆನಪು ಮಾಡ್ಕೊಳ್ಳಿ, ನಿಲ್ಸಿದ್ರು ಅಂತ ಗೊತ್ತಾದಾಗ ಬೇಜಾರು ಮಾಡ್ಕೊಂಡವರು ಎಷ್ಟು ಜನ ನಮ್ಮ ಗ್ರೂಪುಗಳಲ್ಲೇ. ಆ ರಾತ್ರಿ ಊರಲ್ಲಿ ನಿದ್ದೆ ಬಂದಿದ್ದು ಯಾರ ಮನೆಗೆ? ಮಗ ಅಲ್ಲಿದ್ದ ಮನೆಗೆ. ನಮ್ಮ ಪಕ್ಕದ ಮನೆಯವರು ಗೇಟಿನ ಹತ್ರ ನಿಂತು ಅತ್ತಿದ್ದನ್ನ ನಾನು ನೋಡಿದೀನಿ, ಸಂತೋಷಕ್ಕೆ. ಆ ಸಂತೋಷವನ್ನ ನಾಚಿಕೆ ಇಲ್ಲದೆ ರಸ್ತೆಲಿ ನಿಂತು ಹೇಳೋ ಹಾಗಿರಬೇಕು ಅನ್ನೋದಷ್ಟೇ ನನ್ನ ಆಸೆ.

ಹಳೇ ಸುಬೇದಾರ್

ಗಾಳಿಬೀಡಿನವರೆ, ನಿಮ್ಮ ಹಿರಿಯರಿಗೆ ನನ್ನ ಸಲ್ಯೂಟ್ ಹೇಳಿ. ಹೆಸರು ಬೇಡ ಅಂದಿದ್ದು ಅವರ ಹಕ್ಕು.

ಈಗ ಕೆಲಸದ ಮಾತು. ಸರ್ಕಲಲ್ಲಿ ನಿಲ್ಬೇಡಿ, ಡಿಸೆಂಬರ್ ಮೂರನೇ ವಾರ ಅಂದ್ರೆ ಟೂರಿಸ್ಟ್ ಗಾಡಿ ಮೈಸೂರಿಂದ ಮಡಿಕೇರಿವರೆಗೂ ಇರುತ್ತೆ, ಆಂಬುಲೆನ್ಸ್ ಸಿಕ್ಕಿಹಾಕ್ಕೊಂಡ್ರೆ ನಮ್ಮ ಹೆಸರೇ ಕೆಡುತ್ತೆ. ಗಾಂಧಿ ಮೈದಾನ ಕೇಳಿ ನೋಡಿ. ಪೊಲೀಸ್ ಅನುಮತಿಗೆ ಈಗ್ಲೇ ಅರ್ಜಿ ಹಾಕಿ, ಮೈಕ್‌ಗೆ ಬೇರೆ ಅನುಮತಿ. ಅರ್ಜಿಲಿ ಪ್ರತಿಭಟನೆ ಅಂತ ಬರೀಬೇಕಾ ಶ್ರದ್ಧಾಂಜಲಿ ಅಂತ ಬರೀಬೇಕಾ ಅಂತ ಕೇಳ್ತೀರಿ, ಎರಡನ್ನೂ ಬರೀರಿ, ಬ್ಯಾನರಿನ ಸಾಲನ್ನ ಹಾಗೇ ಸೇರಿಸಿ. ಮುಚ್ಚಿಟ್ಟು ಮಾಡೋ ಕೆಲಸ ಅಲ್ಲ ಇದು.

ಕುಶಾಲನಗರ ಸ್ಟೂಡೆಂಟ್

ಬ್ಯಾನರಲ್ಲಿ ಏನು ಬರೀತಾ ಇದೀರಿ ಅಂತ ಯಾರೂ ಹೇಳ್ಲೇ ಇಲ್ಲ.

ತಡಿಯಂಡಮೋಳ್

ಸದ್ಯಕ್ಕೆ ಇದು: "ಹೋದವರಿಗೆ ನಮಸ್ಕಾರ. ಇನ್ನು ಯಾರೂ ಹೀಗೆ ಹೋಗುವುದು ಬೇಡ. ಯುದ್ಧ ಬೇಡ." ಕೆಳಗೆ ಲೈನ್‌ಮನೆ ಅವರು ಹೇಳಿದ ಹಾಗೆ ಬೇರೆಯವರ ಯುದ್ಧಗಳಲ್ಲಿ ಸತ್ತ ನಮ್ಮವರಿಗೂ ಒಂದು ಸಾಲು ಸೇರಿಸ್ತೀವಿ. ಕೊಡವ ತಕ್ಕ್‌ನಲ್ಲಿ, ಅರೆಭಾಷೆಯಲ್ಲಿ ಕೂಡ ಬರೀಬೇಕು ಅಂತ ಇದೆ, ಚೆನ್ನಾಗಿ ಬರೆಯೋರು ಮೆಸೇಜ್ ಮಾಡಿ.

ಕಕ್ಕಬ್ಬೆ ಜೇನು

ಮೊಂಬತ್ತಿ ಬೇಡ, ಮಡಿಕೇರಿ ಗಾಳಿಗೆ ನಿಲ್ಲಲ್ಲ, ಕೈಮೇಲೆ ಬೀಳುತ್ತೆ. ಹಳೇ ಮನೆಗಳಲ್ಲಿ ಗಾಜಿನ ಲಾಟೀನು ಇದಾವಲ್ಲ, ಅವನ್ನೇ ತರೋಣ. ನಮ್ಮಲ್ಲಿ ಎರಡಿದೆ, ಒಂದಕ್ಕೆ ಗಾಜು ಒಡೆದಿದೆ, ಗೋಣಿಕೊಪ್ಪ ಸಂತೆಲಿ ಸಿಗುತ್ತಾ ನೋಡ್ತೀನಿ. ಮತ್ತೆ ಹೆಸರು ಓದೋರು ಯಾರು ಅಂತ ಮುಂಚೆನೇ ತೀರ್ಮಾನ ಮಾಡಿ. ಮಕ್ಕಳ ಕೈಲಿ ಓದಿಸ್ಬೇಡಿ, ಎಲ್ಲಾ ಕಡೆ ಮಕ್ಕಳ ಕೈಲೇ ಓದಿಸ್ತಾರೆ. ಆಯಾ ಮನೆಯವರೇ ಓದೋಕೆ ಆಗುತ್ತಾ ಅಂತ ಕೇಳಿ, ಆಗಲ್ಲ ಅಂದವರದ್ದು ಸುಬೇದಾರರು ಓದಲಿ.

ಹಳೇ ಸುಬೇದಾರ್

ಓದ್ತೀನಿ. ಲಿಸ್ಟ್ ನಂಗೆ ಹತ್ತು ದಿನ ಮುಂಚೆ ಕೊಡಿ, ಒಂದೊಂದು ಯೂನಿಟ್ ಹೆಸರೂ ಚೆಕ್ ಮಾಡ್ಬೇಕು.

ಸಿದ್ದಾಪುರ ಲೈನ್‌ಮನೆ

18ನೇ ತಾರೀಕು ಕೆಲಸ ಬಿಡೋದು ನಾಲ್ಕೂವರೆ, ಸಿದ್ದಾಪುರದಿಂದ ಮಡಿಕೇರಿಗೆ ಆಮೇಲೆ ಬಸ್ ಹಿಡಿದು ಬರ್ಬೇಕು. ಆರು ಗಂಟೆಗೆ ಶುರು ಮಾಡಿದ್ರೆ ನಾವೂ ತಲುಪ್ತೀವಿ, ಐದಕ್ಕೆ ಇಟ್ರೆ ಆಗಲ್ಲ. ವಾಪಸ್ ಹೋಗೋಕೆ ಬಸ್ ಇರಲ್ಲ, ಆ ಕಡೆ ಜೀಪು ಇರೋರು ಯಾರಾದ್ರೂ ಇದ್ರೆ ಇಲ್ಲೇ ಹೇಳಿ.

ಹುದಿಕೇರಿ

ಆರು ಗಂಟೆನೇ ಇರಲಿ. ನಮ್ಮದು ಪಿಕಪ್ ಇದೆ, ಸಿದ್ದಾಪುರ ಮೇಲೆ ಹಾದು ಬರ್ತೀನಿ, ವಾಪಸ್ಸೂ ಬಿಡ್ತೀನಿ. ಎಷ್ಟು ಜನ ಅಂತ ಹಿಂದಿನ ದಿನ ಹೇಳಿ.